ಒಂದೇ ದಿನ ಕೊಟ್ಟಿದ್ದು, ಐದು ವರ್ಷ ಬರೋದು

ಅಂತೂ ಇಂತೂ ಕಳೆದ ವಾರ ನಮ್ಮ ಮನೆ ರಿಜಿಸ್ಟರ್ ಆಯಿತು. ಕುಸುಗಲ್ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್, 32 ಲಕ್ಷ. ಹದಿನಾಲ್ಕು ವರ್ಷ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಬದಲಾಯಿಸುತ್ತಾ ಬಂದವರು ನಾವು. ಫೋಟೊ ಹಾಕಿದ್ದೇ ತಡ, ಶುಭಾಶಯದ ಹಿಂದೆಯೇ ಒಂದೇ ಪ್ರಶ್ನೆ: "ಸಬ್ಸಿಡಿ ಬಂತಾ?" ಅಂದರೆ, ಮನೆ ಸಾಲದ ಬಡ್ಡಿಗೆ ಕೇಂದ್ರ ಸರ್ಕಾರ ಕೊಡುವ ಸಹಾಯಧನ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ರಿಜಿಸ್ಟ್ರಾರ್ ಕಚೇರಿಯ ದಿನದ ಲೆಕ್ಕ. ಹೊಸ ಫ್ಲ್ಯಾಟು ಮೊದಲ ಸಲ ನೋಂದಣಿ ಆಗುವಾಗ, ಬೆಲೆ 20 ಲಕ್ಷ ದಾಟಿ 45 ಲಕ್ಷದ ಒಳಗಿದ್ದರೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇ. 3. ಅಂದರೆ 96,000. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 11,520. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಅದು 64,000. ಕಟ್ಟುವಾಗಲೇ ಬುಕ್ ಮಾಡಿದ್ದರಿಂದ ಜಿಎಸ್‌ಟಿ ಶೇ. 1, ಅದು 32,000 ಮೊದಲೇ ಹೋಗಿತ್ತು. ಎಲ್ಲ ಕೂಡಿಸಿ: 2,03,520 ರೂಪಾಯಿ.

ಈಗ ಸರ್ಕಾರ ಕೊಡುವ ಲೆಕ್ಕ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಇದೆಯಲ್ಲ, ಅದರಲ್ಲಿ ಬಡ್ಡಿ ಸಬ್ಸಿಡಿ. ವರ್ಷದ ಆದಾಯ 9 ಲಕ್ಷದ ಒಳಗಿರಬೇಕು, ಮನೆ 35 ಲಕ್ಷ ದಾಟಬಾರದು, ಸಾಲ 25 ಲಕ್ಷ ದಾಟಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರಷ್ಟು ಬಡ್ಡಿಯ ಭಾರ ಅವರದು. ಜಾಸ್ತಿ ಅಂದರೆ 1.80 ಲಕ್ಷ. ಅದೂ ಒಂದೇ ಸಲಕ್ಕಲ್ಲ, ವರ್ಷಕ್ಕೊಂದರಂತೆ ಐದು ಕಂತು. ಕಂತಿಗೆ 36,000.

ನೋಡಿದಿರಾ? ಕೊಟ್ಟಿದ್ದು 2.03 ಲಕ್ಷ, ಬರುವುದು 1.80 ಲಕ್ಷ. ತೆಗೆದುಕೊಂಡವರು ಹೆಚ್ಚಾಗಿ ಬೆಂಗಳೂರಿನವರು, ಕೊಡುವವರು ದಿಲ್ಲಿಯವರು, ಅದು ಗೊತ್ತು. ಆದರೆ ನನ್ನ ಜೇಬು ಒಂದೇ ಅಲ್ವಾ?

36,000 ಸಣ್ಣ ದುಡ್ಡು ಅಂತ ನಾನು ಹೇಳುತ್ತಿಲ್ಲ. ನನ್ನ ಮಗಳ ಒಂದು ವರ್ಷದ ಶಾಲೆ ಫೀಸು ಅದರಲ್ಲಿ ಆಗುತ್ತದೆ. ನನ್ನ ತಕರಾರು ದುಡ್ಡು ಎಷ್ಟು ಅಂತಲ್ಲ, ಯಾವಾಗ ಅಂತ. ಮೊದಲ ಮನೆ ಕೊಳ್ಳುವವನಿಗೆ ಕಷ್ಟ ಆಗೋದು ಸಾಲದ ಕಂತು ಕಟ್ಟುವಾಗಲ್ಲ. ಬಾಡಿಗೆ ಕಟ್ಟಿ ರೂಢಿಯಾದವನು ಕಂತನ್ನೂ ಹೇಗೋ ಕಟ್ಟುತ್ತಾನೆ. ಕಷ್ಟ ಇರೋದು ಮೊದಲ ಗಂಟಿನಲ್ಲಿ. 25 ಲಕ್ಷ ಬ್ಯಾಂಕು ಕೊಟ್ಟಿತು, 7 ಲಕ್ಷ ನನ್ನದು. ಸ್ಟಾಂಪಿನ ಖರ್ಚನ್ನು ಬ್ಯಾಂಕಿನವರು ಮನೆ ಬೆಲೆಯಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಸಂಚಕಾರ ಕೊಟ್ಟ ದಿನದಿಂದ ಬೀಗದ ಕೈ ಸಿಗುವವರೆಗೆ 9 ಲಕ್ಷ ನಾನೇ ಹೊಂದಿಸಬೇಕಾಯಿತು. ಹೆಂಡತಿಯ ಪಾಟಲಿ ಬಳೆ ಅಡವಿಟ್ಟೆ. ಭಾವನ ಹತ್ತಿರ ಕೈಗಡ ತಂದೆ. ರಿಜಿಸ್ಟರ್ ದಿನ ಕ್ಯಾಮೆರಾ ಮುಂದೆ ಕೂತಾಗ ಅವಳು ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಯಾಕೆ ಅಂತ ನಾನು ಕೇಳಲಿಲ್ಲ.

ಅವಳ ಹೆಸರು ಖರೀದಿ ಪತ್ರದಲ್ಲಿ ಮೊದಲು ಇದೆ. ಯೋಜನೆಯೂ ಮನೆ ಹೆಣ್ಣುಮಗಳ ಹೆಸರಲ್ಲಿ ಅಥವಾ ಜಂಟಿಯಾಗಿ ಇರಲಿ ಅನ್ನುತ್ತದೆ, ಒಳ್ಳೆಯದೇ. ಆದರೆ ಪಕ್ಕದ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲೇ ಶೇ. 1 ಬಿಡುತ್ತಾರೆ. ಕೌಂಟರಿನಲ್ಲೇ, ಅವತ್ತೇ. ನಾನು ಕೇಳುವುದು ಅಂಥದ್ದು. ಮೊದಲ ಮನೆ, 35 ಲಕ್ಷದ ಒಳಗೆ, ಅಫಿಡವಿಟ್ ಬರೆದುಕೊಡು, ಸ್ಟಾಂಪು ಮಾಫಿ. ಸುಳ್ಳು ಹೇಳಿದರೆ ದುಪ್ಪಟ್ಟು ವಸೂಲಿ ಮಾಡಿ, ಬೇಡ ಅನ್ನುವುದಿಲ್ಲ.

ಇನ್ನೊಂದು ಷರತ್ತು ನೋಡಿ. ಸಬ್ಸಿಡಿ ಕಂತು ಬಿಡುಗಡೆ ಆಗುವಾಗ ಸಾಲ ಚಾಲ್ತಿಯಲ್ಲಿರಬೇಕು, ಅಸಲಿನ ಅರ್ಧಕ್ಕಿಂತ ಜಾಸ್ತಿ ಬಾಕಿ ಇರಬೇಕು. ನಮ್ಮ ಕಡೆ ಜನರ ಸ್ವಭಾವ ಏನು? ಸಾಲ ಅಂದರೆ ನಿದ್ದೆ ಬರೋದಿಲ್ಲ. ಊರಲ್ಲಿ ಹತ್ತಿ ಚೆನ್ನಾಗಿ ಬಂತು, ಬ್ಯಾಡಗಿ ಮೆಣಸಿನಕಾಯಿಗೆ ರೇಟು ಸಿಕ್ಕಿತು ಅಂದರೆ ಮೊದಲು ಮಾಡುವ ಕೆಲಸವೇ ಸಾಲಕ್ಕೆ ತುಂಬುವುದು. ಅರ್ಧ ಸಾಲ ತೀರಿಸಿದರೆ ಸಬ್ಸಿಡಿಯ ಉಳಿದ ಕಂತು ಹೋಯಿತು. ಮೊದಲು ಕೇಳಿಕೊಂಡು ಆಮೇಲೆ ತುಂಬಿ.

ಹಳೆಯ ಯೋಜನೆಯಲ್ಲಿ ಇನ್ನೊಂದು ಥರದ ಪೆಟ್ಟು. ನನ್ನ ಭಾವ 2021ರಲ್ಲಿ ಉಣಕಲ್ ಹತ್ತಿರ ಮನೆ ನೋಡಿದ. ಅವನಂಥ ಮಧ್ಯಮ ಆದಾಯದವರಿಗೆ ಹಳೆಯ ಬಡ್ಡಿ ಸಬ್ಸಿಡಿ ಮುಗಿದದ್ದು 2021ರ ಮಾರ್ಚ್ 31ಕ್ಕೆ. ಇವನ ಸಾಲ ಮಂಜೂರಾಗಿದ್ದು ಏಪ್ರಿಲ್‌ನಲ್ಲಿ. ವಕೀಲರ ರಿಪೋರ್ಟು ಒಂದು ವಾರ ತಡವಾಗಿತ್ತು, ಅಷ್ಟೇ. ಬಡವರಿಗೆ ಇನ್ನೊಂದು ವರ್ಷ ನಡೆದು 2022ರ ಮಾರ್ಚ್‌ನಲ್ಲಿ ಅದೂ ನಿಂತಿತು. ಹೊಸದು ಶುರುವಾಗಿದ್ದು 2024ರ ಸೆಪ್ಟೆಂಬರ್ 1ರಿಂದ. ನಡುವೆ ಮನೆ ಕೊಂಡವರು ಏನು ಪಾಪ ಮಾಡಿದ್ದರೋ.

ಇಷ್ಟಾದರೂ ನಾನು ಅದೃಷ್ಟವಂತ. ನನ್ನ ಹತ್ತಿರ ಸಂಬಳದ ಚೀಟಿ ಇದೆ. ನಮ್ಮ ಹಳೆಯ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಆಟೊದವನು ಊರ ಹೊರಗೆ ಗುಂಟೆ ಪ್ಲಾಟ್ ಹಿಡಿದ. ಹೊಲವನ್ನು ಮನೆ ಜಾಗವಾಗಿ ಬದಲಿಸಿದ ಎನ್‌ಎ ಆದೇಶ ಇಲ್ಲ, ಅಳತೆ ಮಾಡಿ ಪ್ಲಾಟು ಬೇರೆ ಮಾಡಿದ ಕೆಜೆಪಿ ಕಾಗದ ಇಲ್ಲ, ಅವನ ಹೆಸರಲ್ಲಿ ಉತಾರ, ಅಂದರೆ ಜಾಗದ ಹಕ್ಕಿನ ದಾಖಲೆಯೂ ಇಲ್ಲ. ಬಾಂಡ್ ಪೇಪರಿನ ಮೇಲೆ ನಾಲ್ಕು ಜನರ ಸಹಿ. ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವ ಬಡವರಿಗೆ ಇದೇ ಯೋಜನೆಯಲ್ಲಿ ಕೇಂದ್ರದಿಂದ 1.50 ಲಕ್ಷ ಇದೆ. ಜಾಗ ತನ್ನದು ಅಂತ ತೋರಿಸಲು ಕಾಗದ ಬೇಕಲ್ಲ? ನಿಜವಾಗಿ ಬೇಕಾದವನ ಹತ್ತಿರವೇ ಕಾಗದ ಇಲ್ಲ. ಪ್ಲಾಟ್ ಮಾರಿದವನನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಆದ ಮೇಲೆ ನನ್ನ ಸಬ್ಸಿಡಿ ಬಂತಾ ಅಂದರೆ, ಇಲ್ಲ. ಅರ್ಜಿ ಹಾಕಿದ್ದೇನೆ, ನಿಂತಿದೆ.

ಯಾಕೆ ಅಂದರೆ, ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಯಾರ ಹೆಸರಲ್ಲೂ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಅಪ್ಪ ತೀರಿಕೊಂಡ ಮೇಲೆ ಅಣ್ಣಿಗೇರಿ ಹತ್ತಿರದ ನಮ್ಮೂರ ಮನೆಗೆ ವಾರಸಾ ಮಾಡಿಸಿದೆವು. ಮೂವರು ಅಣ್ಣತಮ್ಮಂದಿರ ಹೆಸರೂ ಏರಿತು. ಅದು ಮೇಲ್ಮುದ್ದೆ ಮನೆ. ಜಂತಿ, ತೊಲೆ, ಮೇಲೆ ಮಣ್ಣು, ನಡುಮನೆಗೆ ಒಂದು ಬೆಳಕಿಂಡಿ. ಮಳೆ ಬಂದರೆ ಬೆಳಕಿಂಡಿಗೆ ಡಬ್ಬದ ತಗಡು ಮುಚ್ಚಬೇಕು. ಅರ್ಜಿ ನೋಡಿದವರು ಕೇಳಿದ್ದು, "ಸರ್, ಇದು ಪಕ್ಕಾನೋ ಕಚ್ಚಾನೋ?" ನನಗೇನು ಗೊತ್ತು? ನನ್ನ ಅಜ್ಜ ಹುಟ್ಟಿದ ಮನೆ ಅದು, ಇನ್ನೂ ಬಿದ್ದಿಲ್ಲ. ಒಬ್ಬರು ವಾಟ್ನಿ, ಅಂದರೆ ಪಾಲು, ಮಾಡಿಕೊಳ್ಳಿ ಅಂದರು, ಇನ್ನೊಬ್ಬರು ಹಕ್ಕು ಬಿಟ್ಟುಕೊಡಿ ಅಂದರು. 1.80 ಲಕ್ಷಕ್ಕೆ ಅಜ್ಜನ ಮನೆಯ ಹಕ್ಕು ಬಿಡಬೇಕಾ ಅಂತ ಅವ್ವನನ್ನು ಹೇಗೆ ಕೇಳಲಿ?

ಕೊನೆಗೆ ಫೋಟೊ ತೆಗೆದು ಕೊಡಿ ಅಂದರು. ಭಾನುವಾರ ಊರಿಗೆ ಹೋಗಿ ಏಣಿ ಹಾಕಿ ಮಾಳಿಗೆ ಹತ್ತಿ ಹನ್ನೆರಡು ಫೋಟೊ ತೆಗೆದೆ. ಕೆಳಗೆ ನಿಂತಿದ್ದ ಅಣ್ಣ ಅಂದ, "ಹೆಂಗೂ ಮ್ಯಾಲ ಹತ್ತಿ, ಆ ಮೂಲ್ಯಾಗಿನ ಜಂತಿ ನೋಡು. ಮುರದೈತಿ. ಮಳಿ ಹಿಡಿಯೂದ್ರಾಗ ರಿಪೇರಿ ಮಾಡಸಬೇಕು. ನಿನ್ನ ಪಾಲಿಂದು ಎಂಟು ಸಾವಿರ ಕಳಸು."