‘ಬಂದಿದೆ’ ಎಂಬ ಉತ್ತರವೂ ಅಡಿಕೆ ಮರದ ಸಂಕವೂ

ಸರಕಾರಿ ಸಾಹಿತ್ಯದಲ್ಲಿ ಅತಿ ಚಿಕ್ಕ ಪ್ರಕಾರ ಯಾವುದು ಎಂದು ಯಾರಾದರೂ ಕೇಳಿದರೆ ಅನುಮಾನವೇ ಬೇಡ, ವಿಧಾನಸಭೆಯ ಉತ್ತರ. ಒಂದೇ ಪದ, ಅದರ ಮುಂದೊಂದು ಚುಕ್ಕೆ: ‘ಬಂದಿದೆ.’ ಏನು ಬಂತು ಮಾರಾಯ್ರೆ, ಅನುದಾನವಾ, ಜಲ್ಲಿಯಾ, ಜೆಸಿಬಿಯಾ? ಯಾವುದೂ ಅಲ್ಲ. ಗಮನಕ್ಕೆ ಬಂದಿದೆ.

ಪ್ರಶ್ನೆಗೂ ಒಂದು ಅಚ್ಚಿದೆ. ಉಡುಪಿ ಜಿಲ್ಲೆಯ ಐದು ಶಾಸಕರಲ್ಲಿ ಯಾರೇ ಕಾಲುಸಂಕದ (ಹಳ್ಳ ದಾಟುವ ಕಾಲುಸೇತುವೆಯ) ಬಗ್ಗೆ ಕೇಳಲಿ, ಕಾಗದದ ಎಡಭಾಗದಲ್ಲಿ ಹೀಗೇ ಇಳಿಯುತ್ತದೆ. (ಅ) ಕ್ಷೇತ್ರದಲ್ಲಿ ಶಿಥಿಲಾವಸ್ಥೆಯಲ್ಲಿರುವ ಕಾಲುಸಂಕಗಳಿಂದ ಶಾಲಾ ಮಕ್ಕಳಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. (ಆ) ಬಂದಿದ್ದಲ್ಲಿ, ಅಂತಹ ಕಾಲುಸಂಕಗಳೆಷ್ಟು. (ಇ) ಸರ್ಕಾರ ಕೈಗೊಂಡ ಕ್ರಮಗಳೇನು. (ಈ) ಯಾವ ಕಾಲಮಿತಿಯೊಳಗೆ ಸೇತುವೆ ನಿರ್ಮಿಸಲಾಗುವುದು? ಬಲಭಾಗದಲ್ಲಿ ಉತ್ತರ. (ಅ) ಬಂದಿದೆ. (ಆ) ಅನುಬಂಧದಲ್ಲಿ ಒದಗಿಸಿದೆ. (ಇ) ಮತ್ತು (ಈ) ಅನುದಾನದ ಲಭ್ಯತೆಯನ್ನು ಆಧರಿಸಿ, ಆದ್ಯತೆಯ ಮೇರೆಗೆ, ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.

ಇದನ್ನು ಬರೆದವನ ಕಸುಬುಗಾರಿಕೆಯನ್ನು ಮೆಚ್ಚಲೇಬೇಕು. ಬರೀ ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬಿಟ್ಟಿದ್ದರೆ ಅದು ಭರವಸೆ. ಸದನದ ಸರ್ಕಾರಿ ಭರವಸೆಗಳ ಸಮಿತಿ ನಾಳೆ ಕಡತ ತೆರೆದು ‘ಎಲ್ಲಿ ಕ್ರಮ?’ ಎಂದು ಕೇಳಬಹುದು. ಹಾಗಾಗಿ ಮುಂದೆ ಮೂರು ಕಂಬ ನೆಟ್ಟಿದ್ದಾನೆ: ಲಭ್ಯತೆ, ಆದ್ಯತೆ, ನಿಯಮ. ಒಂದು ಬಿದ್ದರೂ ಇನ್ನೆರಡು ನಿಲ್ಲುತ್ತವೆ. ನಮ್ಮ ಸಂಕಕ್ಕೂ ಇಷ್ಟು ಕಂಬ ಇದ್ದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ.

(ಅ)ಗೆ ‘ಬಂದಿರುವುದಿಲ್ಲ’ ಎಂದು ಬರೆದರೆ ಕೆಲಸ ಇನ್ನೂ ಸಲೀಸು. ಆಗ (ಆ), (ಇ), (ಈ) ಮೂರಕ್ಕೂ ಸೇರಿ ಒಂದೇ ಮಾತು: ‘ಉದ್ಭವಿಸುವುದಿಲ್ಲ.’ ಕೊಲ್ಲೂರಿನ ಸೀಮೆಯಲ್ಲಿ ಲಿಂಗವೇ ಉದ್ಭವಿಸಿದೆ, ಸಂಕ ಮಾತ್ರ ಉದ್ಭವಿಸುವುದಿಲ್ಲ.

ಕಾಲುಸಂಕ ನೋಡದವರಿಗೆ ನಾಲ್ಕು ಮಾತು. ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡಲಾಗಿ ಮೂರೋ ನಾಲ್ಕೋ ಅಡಿಕೆ ಮರ, ನೈಲಾನ್ ಹಗ್ಗದ ಬಿಗಿತ, ಒಂದು ಬದಿಗೆ ದಬ್ಬೆಯದ್ದೋ ಬಿದಿರಿನದ್ದೋ ಕೈತಾಂಗು. ಅಡಿಕೆ ಮರದ ಗಟ್ಟಿ ಇರುವುದು ಹೊರಕವಚದಲ್ಲಿ, ಒಳಗೆ ಮೆದು ತಿರುಳು. ನೀರು ಕುಡಿದ ತಿರುಳು ಒಂದೆರಡು ಮಳೆಗಾಲಕ್ಕೆ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಎಲ್ಲ ಸರಿಯಿದೆ. (ಕೆಲವು ಇಲಾಖೆಗಳ ರಚನೆಯೂ ಹೀಗೇ, ಇರಲಿ.) ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಆದರೂ ಮರ ನಡುವೆ ಮುರಿಯುವುದಕ್ಕಿಂತ ಹೆಚ್ಚು ಕೈಕೊಡುವುದು ತುದಿಯಲ್ಲಿ. ನೆರೆ ದಂಡೆಯ ಮಣ್ಣು ಕೊರೆದರೆ ಮರ ಕೂತ ಜಾಗವೇ ಕುಸಿಯುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವಾಗ, ಈ ಮರದ ಮೇಲೆ ಮಗು ಒಂದು ಕೈಯಲ್ಲಿ ಕೊಡೆ ಹಿಡಿದು, ಬೆನ್ನಿಗೆ ಚೀಲ ಹಾಕಿ ದಾಟಬೇಕು. ಇನ್ನೊಂದು ಕೈ ಕೈತಾಂಗಿಗೆ, ಅದು ಇದ್ದರೆ.

ಈಗ ಪ್ರಶ್ನೆಯ ಪ್ರಯಾಣ. ಅಧಿವೇಶನಕ್ಕೆ ವಾರಗಳ ಮೊದಲೇ ಶಾಸಕರ ಸೂಚನೆ ವಿಧಾನಸಭೆ ಸಚಿವಾಲಯ ತಲುಪುತ್ತದೆ. ಅಲ್ಲಿಂದ ಇಲಾಖೆಯ ಕಾರ್ಯದರ್ಶಿ, ಮುಖ್ಯ ಇಂಜಿನಿಯರ್, ಅಧೀಕ್ಷಕ ಇಂಜಿನಿಯರ್, ಕಾರ್ಯಪಾಲಕ ಇಂಜಿನಿಯರ್, ಉಪವಿಭಾಗ ಎಂದು ಮೆಟ್ಟಿಲಿಳಿದು ಕೊನೆಗೆ ಪಂಚಾಯತ್‌ನ ಪಿಡಿಒ ಮೊಬೈಲಿನಲ್ಲಿ ವಾಟ್ಸ್ಯಾಪ್ ಆಗಿ ಬಂದು ಬೀಳುತ್ತದೆ: ‘ಎಲ್‌ಎಕ್ಯೂ, ಅತಿ ಜರೂರು, ಇಂದು 4 ಗಂಟೆಯೊಳಗೆ.’ (ಎಲ್‌ಎಕ್ಯೂ ಅಂದರೆ ವಿಧಾನಸಭೆಯ ಪ್ರಶ್ನೆ.) ಮೇಲಿನವರ ಮೇಜುಗಳಲ್ಲಿ ದಿನಗಟ್ಟಲೆ ಮಲಗೆದ್ದ ಪ್ರಶ್ನೆಗೆ ಕೆಳಗೆ ಸಿಗುವುದು ಅರ್ಧ ದಿನ. ಅರ್ಧ ದಿನದಲ್ಲಿ ಯಾವ ಪಿಡಿಒ ತೋಡು ಸುತ್ತಿ ಸಂಕ ಎಣಿಸುತ್ತಾರೆ? ಕಳೆದ ವರ್ಷದ ಕಡತ ತೆಗೆದು ಇಸವಿ ತಿದ್ದುತ್ತಾರೆ. ಅದೇ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಪ್ರತಿ ಮೆಟ್ಟಿಲಲ್ಲೂ ಒಂದೊಂದು ಸಹಿ ಹೊತ್ತು, ಸಚಿವರ ಕೈಗೆ ‘ಅನುಬಂಧ’ವಾಗಿ ಸಿಗುತ್ತದೆ. ಎರಡು ವರ್ಷ ಹಿಂದೆ ನೆರೆಗೆ ಹೋದ ಸಂಕವೂ ಅದರಲ್ಲಿ ಜೀವಂತ.

ಇಷ್ಟೆಲ್ಲ ಆಗಿ ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಶಾಸಕರು ಉಪಪ್ರಶ್ನೆ ಹಾಕಬಹುದು. ಜೀವ ಇರುವುದೇ ಆ ಉಪಪ್ರಶ್ನೆಯಲ್ಲಿ. ಸಚಿವರ ಕಾಗದದಲ್ಲಿ ಇಲ್ಲದ್ದನ್ನು ಕೇಳಲಿಕ್ಕೆ ಸಿಗುವ ಅವಕಾಶ ಅದೊಂದೇ. ಅವತ್ತೇ ಸದನದ ಬಾವಿಯಲ್ಲಿ ಧರಣಿ ನಡೆದರೆ ಪ್ರಶ್ನೋತ್ತರ ಕೊಚ್ಚಿಕೊಂಡು ಹೋಯಿತು, ಉತ್ತರ ‘ಮಂಡಿಸಲಾಗಿದೆ’. ಆಮೇಲೆ ಉಳಿಯುವುದು ನಿಯಮ 73ರ ಗಮನ ಸೆಳೆಯುವ ಸೂಚನೆ. ಅಂದರೆ, ಈಗಾಗಲೇ ‘ಬಂದಿದೆ’ ಎಂದಿದ್ದ ಗಮನವನ್ನೇ ಹಗ್ಗ ಹಾಕಿ ಮತ್ತೆ ಎಳೆಯಬೇಕು.

ಕಾಲಮಾನದ ಚೋದ್ಯ ಇನ್ನೊಂದು. ಮಳೆಗಾಲದ ಅಧಿವೇಶನದಲ್ಲಿ ಕೇಳಿದರೆ ‘ಸ್ಥಳ ಪರಿಶೀಲಿಸಿ ವರದಿ ಪಡೆಯಲಾಗುವುದು’. ಪರಿಶೀಲನೆಗೆ ಜನ ಬರುವುದು ಮಳೆ ಬಿಟ್ಟ ಮೇಲೆ, ಅವರಿಗೂ ಸಂಕ ದಾಟುವ ಭಯ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತ್ತೆ ಕೇಳುವ ಹೊತ್ತಿಗೆ ವರದಿ ಸಿದ್ಧ, ಜತೆಗೆ ಜಿಪಿಎಸ್ ಫೋಟೊ: ಸಂಕದ ಕೆಳಗೆ ಮೊಣಕಾಲು ನೀರೂ ಇಲ್ಲ, ಮಕ್ಕಳು ಕಲ್ಲಿಂದ ಕಲ್ಲಿಗೆ ಹಾರುತ್ತಿದ್ದಾರೆ. ‘ಸದರಿ ಸ್ಥಳದಲ್ಲಿ ಸಾರ್ವಜನಿಕರು ನಿರಾತಂಕವಾಗಿ ಸಂಚರಿಸುತ್ತಿರುವುದು ಕಂಡುಬಂದಿರುತ್ತದೆ.’

ಹಾಗೂ ಹೀಗೂ ಮಂಜೂರಾಯಿತು ಎನ್ನಿ. ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ತೋಡಿನ ಆಚೆ ದಡ ಡೀಮ್ಡ್ ಫಾರೆಸ್ಟ್ ಆಗಿದ್ದರೆ ಅರಣ್ಯ ಇಲಾಖೆ, ಈಚೆ ದಡ ಯಾರದೋ ವರ್ಗ, ಅಂದರೆ ಖಾಸಗಿ ಜಾಗ, ಆಗಿದ್ದರೆ ಅವರ ಒಪ್ಪಿಗೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ, ಕಾರ್ಯಾದೇಶ ಕೈಗೆ ಸಿಗುವುದು ಮೇ ಕೊನೆಗೆ, ಪಾಯ ತೆಗೆಯುವ ದಿನ ಮಳೆ ಹಿಡಿಯುತ್ತದೆ. ‘ಮಳೆಗಾಲದ ನಂತರ ಕಾಮಗಾರಿ ಆರಂಭಿಸಲಾಗುವುದು.’ ಬೈಂದೂರು ಕಡೆಯ ಅಜ್ಜಂದಿರು ಇದನ್ನೇ ಕಡಿಮೆ ಖರ್ಚಿನಲ್ಲಿ ಹೇಳುತ್ತಾರೆ: ‘ಬಪ್ಪು ವರ್ಷ ಆತ್ತಂಬ್ರ್’ (ಬರುವ ವರ್ಷ ಆಗುತ್ತದಂತೆ).

ಸೇತುವೆ ಎದ್ದರೂ ನೆಮ್ಮದಿಯಿಲ್ಲ. ಅಂದಾಜು ಪಟ್ಟಿಯಲ್ಲಿ ಸೇತುವೆ ಮಾತ್ರ ಇದ್ದು ಕೂಡುರಸ್ತೆ ಬಿಟ್ಟುಹೋಗಿದ್ದರೆ, ಗದ್ದೆ ನಡುವೆ ಎರಡೂ ಕಡೆ ಆಳೆತ್ತರದ ಕಾಂಕ್ರೀಟ್ ವೇದಿಕೆ ನಿಲ್ಲುತ್ತದೆ. ಯಕ್ಷಗಾನಕ್ಕೆ ಅಡ್ಡಿಯಿಲ್ಲ.

ಈ ನಡುವೆ ಮಣಿಪಾಲದ ರಜತಾದ್ರಿಯಿಂದ, ಅಂದರೆ ಜಿಲ್ಲಾಧಿಕಾರಿ ಕಚೇರಿಯಿಂದ, ಹೊರಡುವ ಒಂದು ಪರಿಹಾರವಿದೆ, ಅದಕ್ಕೆ ಟೆಂಡರ್ ಬೇಡ, ತಾಂತ್ರಿಕ ಮಂಜೂರಾತಿ ಬೇಡ: ಮಳೆ ರಜೆ. ಸಂಕ ಮುಳುಗಿದರೆ ಶಾಲೆ ಮುಚ್ಚು. ಮಕ್ಕಳ ಸುರಕ್ಷೆಗೆ ಅದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳೆದುಹೋದ ದಿನಗಳನ್ನು ಮತ್ತೆ ಶನಿವಾರ ಮಧ್ಯಾಹ್ನ ಕೂತು ತುಂಬಿಸುವುದು ಮಕ್ಕಳೇ. ಸೇತುವೆಯ ಬಾಕಿಯನ್ನು ಮೂರನೇ ಕ್ಲಾಸಿನವರು ಕಂತಿನಲ್ಲಿ ತೀರಿಸುತ್ತಿದ್ದಾರೆ.

ಹಾಗಂತ ಸದನದ ಪ್ರಶ್ನೆಯೇ ದಂಡ ಎಂದಲ್ಲ. ಇಲಾಖೆಗಳಿಗೆ ಎಲ್‌ಎಕ್ಯೂ ಅಂದರೆ ಈಗಲೂ ಜ್ವರ ಬರುತ್ತದೆ, ಜ್ವರ ಬರುವ ಹಾಗೆ ಕೇಳಬೇಕು ಅಷ್ಟೆ. ಪಳಗಿದ ಶಾಸಕರು ‘ಗಮನಕ್ಕೆ ಬಂದಿದೆಯೇ’ ಎಂಬಲ್ಲಿಗೇ ಹೋಗುವುದಿಲ್ಲ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಸಂಕದ ಅಂದಾಜು ಪಟ್ಟಿ ಯಾವ ದಿನಾಂಕದಂದು ಯಾವ ಕಚೇರಿಗೆ ಹೋಯಿತು, ಹಿಂದಿರುಗಿದ್ದರೆ ಆಕ್ಷೇಪಣೆಯ ಪ್ರತಿ ಎಲ್ಲಿ, ಈಗ ಯಾರ ಮೇಜಿನಲ್ಲಿ ಎಷ್ಟು ದಿನದಿಂದ ಇದೆ, ಶಾಲಾ ಸಂಪರ್ಕ ಸೇತು ಯೋಜನೆಯ ಪಟ್ಟಿಯಲ್ಲಿ ಇದರ ಹೆಸರಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ಇದಕ್ಕೆ ‘ಬಂದಿದೆ’ ಎಂದು ಬರೆಯಲಿಕ್ಕೆ ಆಗುವುದಿಲ್ಲ. ಒಂದು ದಿನಾಂಕ ಬರೆಯಬೇಕಾಗುತ್ತದೆ, ಮುಂದಿನ ಅಧಿವೇಶನದಲ್ಲಿ ಆ ದಿನಾಂಕ ಹಿಡಿದೇ ಜಗ್ಗಬಹುದು. ಇನ್ನು ವರ್ಷಕ್ಕೆ 2 ಕೋಟಿಯ ಶಾಸಕರ ನಿಧಿಯಲ್ಲೇ ಕಟ್ಟಿಸಿ ಎನ್ನುವವರಿದ್ದಾರೆ. ಆ 2 ಕೋಟಿಯ ಬಾಗಿಲಲ್ಲಿ ಹೈಮಾಸ್ಟ್ ದೀಪ, ಬಸ್ ತಂಗುದಾಣ, ಸಮುದಾಯ ಭವನಗಳು ಮೊದಲೇ ಕ್ಯೂ ನಿಂತಿವೆ, ಅವಕ್ಕೆ ಉದ್ಘಾಟನೆಯ ಫಲಕ ಹಾಕಲು ಗೋಡೆಯೂ ಇದೆ. ಕಾಲುಸಂಕಕ್ಕೆ ಗೋಡೆ ಇಲ್ಲ.

ಮೇ ತಿಂಗಳು ಬಂತೆಂದರೆ ತೋಡಿನ ಬದಿಯ ತೋಟದವರು ಫಸಲು ನಿಂತ ಮೂರು ಮರ ಕಡಿಯುತ್ತಾರೆ. ನಾಲ್ಕು ಮನೆಯ ಗಂಡಸರು ಹೆಗಲು ಕೊಡುತ್ತಾರೆ, ಹೆಂಗಸರು ಅವಲಕ್ಕಿ, ಚಾ ಮಾಡಿಕೊಡುತ್ತಾರೆ. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಸಂಕ ಸಿದ್ಧ. ಇಲಾಖೆಯವರು ಅದರ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಜುಲೈಯ ಉತ್ತರದಲ್ಲಿ (ಇ) ಎದುರು ಹೊಸದೊಂದು ಸಾಲು ಸೇರಿರುತ್ತದೆ: ‘ಸಾರ್ವಜನಿಕರ ಸಹಭಾಗಿತ್ವದಲ್ಲಿ ತಾತ್ಕಾಲಿಕ ಸಂಪರ್ಕ ವ್ಯವಸ್ಥೆ ಕಲ್ಪಿಸಲಾಗಿದೆ.’ ಅದರ ಕೆಳಗೆ, ಕಾಲಮಿತಿ ಕೇಳಿದ (ಈ) ಎದುರು: ‘ಉದ್ಭವಿಸುವುದಿಲ್ಲ.’