ಕತ್ತಲಲ್ಲಿ ಓಡೋಕೆ ಇನ್ನೊಬ್ಬಳು ಬೇಕು

ಚಳಿಗಾಲದ ಲಾಂಗ್ ರನ್ನಿಗೆ ಜೊತೆ ಯಾಕೆ ಬೇಕು ಅಂತ ಕೇಳಿದರೆ ಗಂಡಸರು ಹೇಳೋದು ಒಂದೇ. ಒಬ್ಬರೇ ಆದರೆ ಅಲಾರಂ ಆಫ್ ಮಾಡಿ ಮಲಗಿಬಿಡ್ತೀವಿ ಅಂತ. ನಿಜ. ಹೆಂಗಸರಿಗೆ ಅದು ಎರಡನೇ ಕಾರಣ. ಮೊದಲನೆಯದು ಕತ್ತಲು.

ಜನವರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಸೂರ್ಯ ಹುಟ್ಟೋದು 6.45ರ ಹೊತ್ತಿಗೆ. ಏಳೂವರೆಗೆ ಮನೆಯಲ್ಲಿ ತಿಂಡಿ ಆಗಬೇಕು, ಭಾನುವಾರವೂ. ಹಾಗಾಗಿ ಐದೂಕಾಲಿಗೆಲ್ಲ ರಸ್ತೆಗಿಳಿಯಬೇಕು. ಅರ್ಧಕ್ಕಿಂತ ಜಾಸ್ತಿ ಓಟ ಕತ್ತಲಲ್ಲೇ, ಮೇಲೆ ಮಂಜು. ಓಡೋಕೆ ಇದಕ್ಕಿಂತ ಒಳ್ಳೆ ಹವೆ ವರ್ಷದಲ್ಲಿ ಸಿಗಲ್ಲ ಅನ್ನೋದೇ ಹೊಟ್ಟೆಯುರಿ.

ನನ್ನ ಗೆಳತಿ ನನಗಿಂತ ದೊಡ್ಡವಳು, ನಾನು ಅಕ್ಕ ಅಂತಲೇ ಕರೆಯೋದು. ನಂದಿ ಗ್ರಾಮದ ಭೋಗನಂದೀಶ್ವರ ಗುಡಿವರೆಗೆ ಹೋಗಿ ವಾಪಸ್ ಬರೋದು ನಮ್ಮ ದಾರಿ. 9ನೇ ಶತಮಾನದ ಆ ಗುಡಿಯನ್ನು ಬಾಣ ವಂಶದ ರಾಣಿ ರತ್ನಾವಳಿ ಕಟ್ಟಿಸಿದಳು ಅಂತಾರೆ. ಅಕ್ಕನಿಗೆ ಈ ವಿಷಯ ಭಾಳ ಇಷ್ಟ, ಸಿಕ್ಕವರಿಗೆಲ್ಲ ಹೇಳ್ತಾಳೆ.

ವೇಗ ನಿರ್ಧರಿಸೋದು ವಾಚಲ್ಲ, ಮಾತು. ಅವರೆಕಾಯಿ ರೇಟು, ಅವಳ ಅತ್ತೆಯ ಮಂಡಿನೋವು, ನನ್ನ ಮಗನ ಗಣಿತ. ಒಂದು ಪೂರ್ತಿ ವಾಕ್ಯ ಹೇಳೋಕೆ ಉಸಿರು ಸಾಲದಿದ್ದರೆ ಜೋರಾಯ್ತು ಅಂತ ಅರ್ಥ. ಕೋಚ್‌ಗಳು ಇದನ್ನೇ ಟಾಕ್ ಟೆಸ್ಟ್ ಅಂತಾರೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ, ಬೆವರು ಮಾತ್ರ ಹೋಗ್ತಾನೇ ಇರುತ್ತೆ. "ನೀರು ಕುಡಿಯೇ" ಅಂತ ನೆನಪಿಸೋದೂ ಅಕ್ಕನೇ. ಮಂಜಿದ್ದಾಗ ಎದುರಿಗೆ ಬರೋ ಗಾಡಿ ಕಾಣಲಿ ಅಂತ ರಸ್ತೆಯ ಬಲಗಡೆ ಓಡ್ತೀವಿ, ಟಾರ್ಚ್ ಕೈಯಲ್ಲೇ.

ಈಗ ನನ್ನ ತಕರಾರಿಗೆ ಬರ್ತೀನಿ. ಅದೇ ಹೊತ್ತಿಗೆ ಆ ರಸ್ತೆಯಲ್ಲಿ ಬೇರೆ ಹೆಂಗಸರೂ ಇರ್ತಾರೆ. ಹೂವು ಬಿಡಿಸೋಕೆ ಹೋಗೋರು. ತಲೆಗೆ ಟವೆಲ್ ಸುತ್ತಿಕೊಂಡು ಗೂಡ್ಸ್ ಆಟೋದ ಹಿಂದೆ ಒತ್ತಿಕೊಂಡು ನಿಂತಿರ್ತಾರೆ. ಸೇವಂತಿಗೆ, ಗುಲಾಬಿ ಬೆಳಗ್ಗೆಯೇ ಮಾರ್ಕೆಟ್ಟಿಗೆ ಬರಬೇಕಲ್ಲ. ಅವರನ್ನು ಯಾರೂ ತಡೆದು "ಈ ಕತ್ತಲಲ್ಲಿ ಎಲ್ಲಿಗಮ್ಮ" ಅಂತ ಕೇಳಲ್ಲ. ಕೂಲಿಗೆ ಹೋಗೋ ಹೆಂಗಸಿಗೆ ಕತ್ತಲು ಅಪಾಯ ಅಂತ ಊರಿಗೆ ಅನ್ನಿಸೋದೇ ಇಲ್ಲ. ತನ್ನ ಖುಷಿಗೆ ಹೊರಟವಳನ್ನು ಕಂಡರೆ ಮಾತ್ರ ಎಲ್ಲರಿಗೂ ಕಾಳಜಿ ಉಕ್ಕುತ್ತೆ. ಟೀ ಅಂಗಡಿ ಮುಂದೆ ಒಬ್ಬ ಅಜ್ಜ "ಬಸ್ಸು ತಪ್ಪಿತೇನಮ್ಮ?" ಅಂದಿದ್ದರು. ಆ ಪ್ರಶ್ನೆ ಪರವಾಗಿಲ್ಲ, ನಗು ಬಂತು. "ಮನೇಲಿ ಕೇಳೋರಿಲ್ವಾ" ಅನ್ನೋದಕ್ಕೆ ನಗು ಬರಲ್ಲ.

1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ, ಹೆಂಗಸರನ್ನು ಅದಕ್ಕೆ ಸೇರಿಸಿಕೊಳ್ಳದ ಕಾಲದಲ್ಲಿ, ಕ್ಯಾಥರಿನ್ ಸ್ವಿಟ್ಜರ್ ನಂಬರ್ ಹಾಕಿಕೊಂಡು ಓಡುತ್ತಿದ್ದಾಗ ಅಧಿಕಾರಿಯೊಬ್ಬ ನುಗ್ಗಿ ಅದನ್ನು ಕಿತ್ತುಕೊಳ್ಳೋಕೆ ನೋಡಿದ. ಫೋಟೊ ನೀವೂ ನೋಡಿರ್ತೀರಿ. ಎಲ್ಲರೂ ಅವಳ ಧೈರ್ಯ ಹೊಗಳ್ತಾರೆ, ಹೊಗಳಲಿ. ಆದರೆ ಅವತ್ತು ಆ ಕೊರೆಯೋ ಚಳಿಯಲ್ಲಿ ಕೋಚ್ ಮತ್ತು ಗೆಳೆಯ ಇಬ್ಬರೂ ಅವಳ ಪಕ್ಕದಲ್ಲೇ ಓಡ್ತಿದ್ದರು. ಆ ಅಧಿಕಾರಿಯನ್ನು ಆಚೆ ತಳ್ಳಿದ್ದು ಗೆಳೆಯ. ಒಲಿಂಪಿಕ್ಸ್‌ಗೆ ಹೆಂಗಸರ ಮ್ಯಾರಥಾನ್ ಬರೋಕೆ 1984ರವರೆಗೆ ಕಾಯಬೇಕಾಯ್ತು.

ನಮ್ಮ ರಸ್ತೆಯಲ್ಲಿ ಯಾರೂ ಕೈ ಹಾಕಿ ಎಳೆದಿಲ್ಲ. ಬೈಕ್ ನಿಧಾನ ಮಾಡಿಕೊಂಡು ಪಕ್ಕದಲ್ಲೇ ಬಂದವರಿದ್ದಾರೆ. ಇಬ್ಬರಿದ್ದಾಗ ಅಕ್ಕ "ಏನಪ್ಪಾ, ದಾರಿ ಗೊತ್ತಾಗ್ಲಿಲ್ವಾ?" ಅಂತ ಜೋರಾಗಿ ಕೇಳ್ತಾಳೆ, ಬೈಕು ಹೋಗುತ್ತೆ. ಒಬ್ಬಳೇ ಇದ್ದಾಗ ನಾನು ವಾಪಸ್ ತಿರುಗಿದ್ದೇನೆ. ಹೆಂಗಸರು ಜೊತೆಯಲ್ಲೇ ಹೋಗಲಿ ಅಂತ ಉಪದೇಶ ಮಾಡೋರಿಗೆ ನನ್ನ ಉತ್ತರ ಇಷ್ಟೇ: ಅಕ್ಕನ ಜೊತೆ ಓಡೋದು ನನಗೆ ಇಷ್ಟ, ಅದಕ್ಕೆ ಓಡ್ತೀನಿ. ಅವಳಿಗೆ ನೆಗಡಿ ಬಂದ ವಾರ ನಾನೂ ಮನೇಲೇ ಕೂರಬೇಕು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಉಪದೇಶದ ಬದಲು ಊರು ದಾಟಿದ ಮೇಲೂ ನಾಲ್ಕು ಬೀದಿದೀಪ ಹಾಕಿಸಿ. ಹೂವಿನ ಕೂಲಿಗೆ ಹೋಗೋರಿಗೂ ಬೆಳಕಾಗುತ್ತೆ.

ಈ ಭಾನುವಾರ ಮುದ್ದೇನಹಳ್ಳಿ ಕಡೆ ತಿರುಗಿ ಸ್ವಲ್ಪ ಉದ್ದ ಓಡೋ ಪ್ಲಾನ್ ಇದೆ. ನಮ್ಮೂರಿನ ಹೆಂಗಸರು ಯಾರಾದರೂ ಬರ್ತೀರಾದರೆ ಹೇಳಿ. ವೇಗ ಬೇಡ, ಮಾತು ಬರಬೇಕು. ಟಾರ್ಚ್ ನೀವೇ ತನ್ನಿ.