ಕ್ಷಮಿಸೋದು ಅಂದ್ರೆ ವಾಪಸ್ ಹೋಗೋದಾ?

ನಿನ್ನೆ ಮಧ್ಯಾಹ್ನ ಅಕ್ಕನ ಮನೆ ಹಾಲ್‌ನಲ್ಲಿ ಎಲ್ಲರೂ ಕೂತು ಅವರೆಕಾಳು ಹಿತುಕುತ್ತಿದ್ದೆವು. ಟಿವಿಯಲ್ಲಿ ಹಿಂದಿ ಸಿನಿಮಾ 'ಚಾಚಿ 420'. ಅಮರೀಶ್ ಪುರಿಯಂಥ ಅಮರೀಶ್ ಪುರಿ, ಸೀರೆ ಉಟ್ಟ ಕಮಲ್ ಹಾಸನ್‌ಗೆ ಮರುಳಾಗೋದು ನೋಡಿ ನಾನೂ ಹೊಟ್ಟೆ ಹಿಡ್ಕೊಂಡು ನಕ್ಕೆ. ಕೊನೆಗೆ ಡೈವೋರ್ಸ್ ಆಗಿದ್ದ ಗಂಡ ಹೆಂಡತಿ ಒಂದಾದರು. ಚಿಕ್ಕಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಟಿವಿ ಬಿಟ್ಟು ನನ್ನ ಕಡೆ ತಿರುಗಿ, "ನೋಡು, ಕ್ಷಮಿಸೋ ಮನಸ್ಸಿದ್ರೆ ಎಲ್ಲಾ ಸರಿಹೋಗತ್ತೆ" ಅಂದರು. ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನಾನು ತಲೆ ಬಗ್ಗಿಸಿ ಕಾಳು ಹಿತುಕಿದೆ.

ನನಗೂ ಡೈವೋರ್ಸ್ ಆಗಿದೆ. ಆ ಕಥೆ ಇಲ್ಲಿ ಹೆಚ್ಚಿನವರಿಗೆ ಗೊತ್ತು, ಪೂರ್ತಿ ಮತ್ತೆ ಹೇಳಲ್ಲ. ಚಿಕ್ಕಮ್ಮನ ಮೇಲೆ ಸಿಟ್ಟೂ ಇಲ್ಲ. ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ನನಗೆ ಸಿಟ್ಟು ಬಂದದ್ದು ಆ ಕಥೆ ಹೆಣೆದಿರೋ ರೀತಿಯ ಮೇಲೆ.

ಇದರ ಮೂಲ 1993ರ 'ಮಿಸೆಸ್ ಡೌಟ್‌ಫೈರ್'. ಸ್ಯಾನ್ ಫ್ರಾನ್ಸಿಸ್ಕೋದ ಕಥೆ. ಮಕ್ಕಳನ್ನು ವಾರಕ್ಕೊಮ್ಮೆ ಮಾತ್ರ ನೋಡಬಹುದು ಅಂತ ಕೋರ್ಟು ಹೇಳಿದ ಮೇಲೆ, ರಾಬಿನ್ ವಿಲಿಯಮ್ಸ್ ಮುದುಕಿಯ ವೇಷ ಹಾಕಿ ತನ್ನದೇ ಮನೆಗೆ ಕೆಲಸಕ್ಕೆ ಸೇರುತ್ತಾನೆ. ಮೊದಲ ಕರಡಿನಲ್ಲಿ ಅಲ್ಲೂ ಕೊನೆಗೆ ಇಬ್ಬರೂ ಒಂದಾಗುತ್ತಿದ್ದರಂತೆ. ರಾಬಿನ್ ವಿಲಿಯಮ್ಸ್, ಹೆಂಡತಿಯ ಪಾತ್ರ ಮಾಡಿದ ಸ್ಯಾಲಿ ಫೀಲ್ಡ್, ನಿರ್ದೇಶಕ ಕ್ರಿಸ್ ಕೊಲಂಬಸ್ ಮೂವರೂ ಅದನ್ನು ಒಪ್ಪಲಿಲ್ಲ. ಹಾಗಾಗಿ ಸಿನಿಮಾದ ಕೊನೆಯಲ್ಲಿ ಅವಳು ಅವನಿಗೆ ದಿನಾ ಮಕ್ಕಳ ಜೊತೆ ಇರಲು ಬಿಡುತ್ತಾಳೆ, ಮನೆಗೆ ಗಂಡನಾಗಿ ಕರೆಯಲ್ಲ. ಅದೇ ಕಥೆ 1996ರಲ್ಲಿ ತಮಿಳಿಗೆ 'ಅವ್ವೈ ಷಣ್ಮುಗಿ'ಯಾಗಿ, 1997ರಲ್ಲಿ ಹಿಂದಿಗೆ ಚಾಚಿಯಾಗಿ ಬಂತು. ಎರಡರಲ್ಲೂ ಹೆಂಡತಿ ವಾಪಸ್.

ವಾಪಸ್ ಕಳಿಸೋಕೆ ಏನು ಮಾಡಿದ್ದಾರೆ ನೋಡಿ. ಮೂಲದಲ್ಲಿ ಮುರಿದದ್ದು ಅವರಿಬ್ಬರ ನಡುವೆಯೇ. ಹದಿನಾಲ್ಕು ವರ್ಷ ಅವನು ಆಟವಾಡಿಕೊಂಡಿದ್ದ, ಇವಳೊಬ್ಬಳೇ ಮನೆ ಹೊತ್ತಿದ್ದಳು. ನಮ್ಮಲ್ಲಿ ಮಧ್ಯೆ ಒಬ್ಬ ಶ್ರೀಮಂತ ಮಾವ, ಹೆಂಡತಿಯ ಅಪ್ಪ, ಬಂದು ನಿಂತ. ದೋಷದ ದೊಡ್ಡ ಗಂಟು ಅವನ ತಲೆಗೆ. ಮಾವ ಮೆತ್ತಗಾದ, ಸಂಸಾರ ಸರಿಯಾಯ್ತು.

ಇದು ಹಳೇ ಚಾಳಿ. ಮಹಾಭಾರತದ ದುಷ್ಯಂತನಿಗೆ ಯಾವ ಶಾಪವೂ ಇರಲಿಲ್ಲ. ಶಕುಂತಲೆ ಮಗುವಿನ ಕೈ ಹಿಡಿದು ಬಂದಾಗ ಅವನಿಗೆ ಎಲ್ಲಾ ನೆನಪಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದ. ದೂರ್ವಾಸರ ಶಾಪ, ಉಂಗುರ ಎಲ್ಲ ಕಾಳಿದಾಸನ ನಾಟಕದಲ್ಲಿ ಸೇರಿದ್ದು. ಎಷ್ಟು ಚೆಂದದ ನಾಟಕ, ಆದರೆ ಅದರಲ್ಲಿ ರಾಜ ಬಚಾವ್. ಋಷಿಯ ಕೋಪಕ್ಕೆ ಅವಳು ರಾಜನನ್ನು ಕ್ಷಮಿಸಬೇಕು. ತಪ್ಪೇ ಮಾಡದವನನ್ನು ಕ್ಷಮಿಸೋದರಲ್ಲಿ ಏನು ಕಷ್ಟ ಇದೆ?

ಮೂಲ ಸಿನಿಮಾದಲ್ಲಿ ಒಂದು ದೃಶ್ಯ ಇದೆ. ಆಕೆ ಕೆಲಸದ ಅಜ್ಜಿಯ ಹತ್ತಿರ ಮನಸ್ಸು ಬಿಚ್ಚುತ್ತಾಳೆ. ಗಂಡನ ಜೊತೆ ಇದ್ದಾಗ ತಾನು ಏನಾಗಿದ್ದೆನೋ ಅದು ತನಗೇ ಇಷ್ಟವಾಗುತ್ತಿರಲಿಲ್ಲ ಅಂತಾಳೆ, ರಾತ್ರಿ ಅತ್ತದ್ದನ್ನು ಹೇಳ್ತಾಳೆ. ಎದುರಿಗೆ ಕೂತು ಕೇಳುತ್ತಿರುವುದು ಅದೇ ಗಂಡ. ಅವನ ಮುಖ ಇಳಿಯುತ್ತೆ. ಆ ಮುಖ ನೋಡಿ ನಮಗೆ ಅವನ ಮೇಲೆ ಕನಿಕರ. ಮೊದಲ ಸಲ ನನಗೂ ಹಾಗೇ ಆಗಿತ್ತು. ಈಗ ನನ್ನ ಕಣ್ಣು ಅವಳ ಮೇಲೇ ನಿಲ್ಲುತ್ತೆ. ಯಾರನ್ನು ಬಿಟ್ಟು ಬಂದಳೋ ಅವನ ಮುಂದೆಯೇ, ಗೊತ್ತಿಲ್ಲದೆ, ಒಳಗಿದ್ದದ್ದನ್ನೆಲ್ಲ ಸುರಿದುಬಿಟ್ಟಳಲ್ಲ! ನಿನ್ನೆ ಚಾಚಿ ನೋಡ್ತಾ ನನ್ನ ಹನ್ನೊಂದು ವರ್ಷದ ಮಗಳು, "ಹಿಂಗೆ ವೇಷ ಹಾಕ್ಕೊಂಡು ಮನೆಯೊಳಗೆ ಬರೋದು ಮೋಸ ಅಲ್ವಾ?" ಅಂತ ಕೇಳಿದಳು. "ಪ್ರೀತಿಗೋಸ್ಕರ ಕಣೇ" ಅಂತ ಯಾರೋ ಸುಮ್ಮನಾಗಿಸಿದರು.

ನಗೋಕೆ ಮಾಡಿರೋ ಸಿನಿಮಾ, ಇಷ್ಟೆಲ್ಲ ಯಾಕೆ ಅಂತೀರಿ. ನಗೋಣ, ಬೇಡ ಅಂದವರು ಯಾರು? ಆದರೆ ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂದದ್ದು ನಗುವಿಗಲ್ಲ, ಆ ಕೊನೆಗೆ. ಅದು ನೇರ ನನ್ನ ಮನೆ ಬಾಗಿಲಿಗೆ ಬಂತು.

ನಮ್ಮದು ಒಪ್ಪಿಗೆಯ ಡೈವೋರ್ಸ್. ಅರ್ಜಿ ಹಾಕಿದ ಮೇಲೆ ಕಾನೂನು ಆರು ತಿಂಗಳು ಕಾಯಿಸುತ್ತೆ, ಮನಸ್ಸು ಬದಲಾದರೆ ಹಿಂದೆ ತೆಗೆದುಕೊಳ್ಳಿ ಅಂತ. ಕೋರ್ಟು ಬೇಕಿದ್ದರೆ ಅದನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಮನ್ನಾ ಕೇಳಲಿಲ್ಲ, ಪೂರ್ತಿ ಕಾದೆವು. ಆ ಆರು ತಿಂಗಳಲ್ಲಿ ನಾನು ಎಷ್ಟು ರಾತ್ರಿ ನಮ್ಮ ಮಧ್ಯೆ ಒಬ್ಬ ದೂರ್ವಾಸನನ್ನು ಹುಡುಕಿದ್ದೀನೋ! ಅತ್ತೆ ತುಂಬಾ ಒಳ್ಳೆಯವರು. ಬೇರೆ ಹೆಂಗಸಿರಲಿಲ್ಲ, ಕುಡಿತವೂ ಇರಲಿಲ್ಲ. ನನಗೆ ಹೇಳದೆ ನನ್ನ ಒಡವೆ ಅಡವಿಟ್ಟವರು, ಬ್ಯಾಂಕ್ ಲಾಕರ್‌ನಲ್ಲಿದೆ ಅಂತ ಮೂರು ವರ್ಷ ನನ್ನ ಮುಖ ನೋಡಿ ಸುಳ್ಳು ಹೇಳಿದವರು ನನ್ನ ಗಂಡನೇ.

ಅವರನ್ನು ನಾನು ಕ್ಷಮಿಸಿ ಎರಡು ವರ್ಷ ಆಯ್ತು. ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳ್ತಿದ್ದೀನಿ. ಅಮ್ಮನ ಮಂಡಿ ಆಪರೇಷನ್ ಆದಾಗ ಎರಡು ರಾತ್ರಿ ಆಸ್ಪತ್ರೆಯಲ್ಲಿ ಅವರೇ ಉಳಿದರು, ನಾನು ಮಗಳ ಜೊತೆ ಮನೆಯಲ್ಲಿದ್ದೆ. ಬೆಳಿಗ್ಗೆ ಫ್ಲಾಸ್ಕ್‌ನಲ್ಲಿ ಕಾಫಿ ತಗೊಂಡು ಹೋದೆ. ಅಮ್ಮ ರಾತ್ರಿ ಎಷ್ಟು ಹೊತ್ತಿಗೆ ನೋವು ಅಂದರು, ನರ್ಸ್ ಯಾವ ಮಾತ್ರೆ ಕೊಟ್ಟರು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರು. ಕಾರಿಡಾರ್ ಬೆಂಚಿನ ಮೇಲೆ ಕೂತು ಕಾಫಿ ಕುಡಿದೆವು. ಅವರ ಮೇಲಿದ್ದ ಸಿಟ್ಟು ಅಲ್ಲಿ ಇರಲಿಲ್ಲ, ಹುಡುಕಿದರೂ ಸಿಗಲಿಲ್ಲ. ಆಮೇಲೆ ಅವರು ಹೆಲ್ಮೆಟ್ ತಗೊಂಡು ಅವರ ಮನೆಗೆ ಹೋದರು. ನಾನು ಅಮ್ಮನ ರೂಮಿಗೆ ಹೋದೆ.

ಚಿಕ್ಕಮ್ಮ, ಆ ಬೆಳಿಗ್ಗೆ ನೀವೂ ಅಲ್ಲೇ ಇದ್ರಿ.